ಮೊದಲ ಕರಗುನೀರಿನ ವಿಷ

ಕೆನಡಾದ ಉತ್ತರ ಕ್ವಿಬೆಕ್‌ನ ಇನ್ಯೂಟ್ ಹಳ್ಳಿಗಳಲ್ಲಿ ಕಾರ್ಖಾನೆಗಳಿಲ್ಲ, ಹೊಲಕ್ಕೆ ಔಷಧಿ ಹೊಡೆಯುವವರೂ ಇಲ್ಲ. ಆದರೂ 1980ರ ದಶಕದಲ್ಲಿ ಅಲ್ಲಿನ ತಾಯಂದಿರ ಎದೆಹಾಲನ್ನು ಪರೀಕ್ಷಿಸಿದಾಗ, ದಕ್ಷಿಣ ಕ್ವಿಬೆಕ್‌ನ ತಾಯಂದಿರ ಹಾಲಿಗಿಂತ ಸುಮಾರು ಐದು ಪಟ್ಟು ಹೆಚ್ಚು ಪಿಸಿಬಿ ಸಿಕ್ಕಿತು. ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಸುತ್ತಿದ್ದ ರಾಸಾಯನಿಕ ಅದು. ಸೀಲ್, ತಿಮಿಂಗಿಲಗಳ ಕೊಬ್ಬನ್ನೇ ನೆಚ್ಚಿಕೊಂಡ ಆ ಜನರ ಮೈಗೆ ಅದು ಸೇರಿದ್ದು ಊಟದ ಮೂಲಕ.

ಪಿಸಿಬಿ, ಕೀಟನಾಶಕಗಳಾದ ಡಿಡಿಟಿ, ಎಚ್‌ಸಿಎಚ್‌ನಂಥ ವಿಷಗಳು ಬೇಗ ನಾಶವಾಗುವುದಿಲ್ಲ. ಬಿಸಿ ನಾಡಿನಲ್ಲಿ ಆವಿಯಾಗಿ ಗಾಳಿ ಸೇರುತ್ತವೆ, ತಂಪು ಸಿಕ್ಕಲ್ಲಿ ಇಳಿಯುತ್ತವೆ, ಬಿಸಿಲೇರಿದರೆ ಮತ್ತೆ ಏಳುತ್ತವೆ. ಹೀಗೆ ಕುಪ್ಪಳಿಸುತ್ತ ಧ್ರುವ ಮುಟ್ಟಿದವನ್ನು ಚಳಿಗಾಲದ ಹಿಮ ಹಿಡಿದುಕೊಳ್ಳುತ್ತದೆ. ಹಿಮದ ಹರಳಿನ ಕವಲೊಡೆದ ಮೈಯಲ್ಲಿ ಅಂಟಿಕೊಳ್ಳಲು ಬೇಕಾದಷ್ಟು ಜಾಗವಿದೆ.

ವಸಂತದಲ್ಲಿ ನಡೆಯುವುದನ್ನು ಮಾತ್ರ ನಿಧಾನವಾಗಿ ನೋಡಬೇಕು. ಕರಗುವ ಹಿಮದ ಪ್ರತಿ ಹನಿಯಲ್ಲೂ ವಿಷ ಒಂದೇ ಸಮ ಇರುವುದಿಲ್ಲ. ಮೇಲ್ಪದರ ಮೊದಲು ಕರಗಿ, ಆ ನೀರು ಹರಳುಗಳ ಸಂದಿಯಲ್ಲಿ ಜಿನುಗುತ್ತದೆ. ನೀರಿಗೆ ಒಗ್ಗುವ ವಿಷವನ್ನು ತೊಳೆದುಕೊಂಡೇ ಕೆಳಗಿಳಿಯುತ್ತದೆ. ಫಿಲ್ಟರಿನಿಂದ ಮೊದಲು ಇಳಿಯುವ ಡಿಕಾಕ್ಷನ್ ಗಟ್ಟಿಯಾಗಿರುವಂತೆ, ಮೊದಲ ಕರಗುನೀರಿನಲ್ಲಿ ಎಚ್‌ಸಿಎಚ್ ದಟ್ಟವಾಗಿರುತ್ತದೆ. ನೀರಿಗೆ ಒಗ್ಗದ ಪಿಸಿಬಿಗಳ ದಾರಿ ಬೇರೆ. ಮಸಿ, ಧೂಳಿನ ಕಣಗಳಿಗೆ ಕಚ್ಚಿಕೊಂಡು ಹಿಮದಲ್ಲೇ ಉಳಿಯುವ ಅವು ಕಟ್ಟಕಡೆಗೆ ಆ ಕೊಳೆಯ ಜೊತೆ ಹರಿದುಹೋಗುತ್ತವೆ. ಒಂದಿಷ್ಟು ಪಾಲು ಮತ್ತೆ ಗಾಳಿಗೆ. ತಿಂಗಳುಗಟ್ಟಲೆ ಕೂಡಿದ್ದು ಕೆಲವೇ ವಾರಗಳಲ್ಲಿ ತೊರೆ, ಸರೋವರ, ಕಡಲುಗಳಿಗೆ ಇಳಿಯುತ್ತದೆ.

ಅದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಕಡಲಿನಲ್ಲಿ ಸೂಕ್ಷ್ಮ ಪಾಚಿ ಹುಲುಸಾಗಿ ಬೆಳೆಯುವ ಕಾಲವೂ ಅದೇ. ಆ ಪಾಚಿಯನ್ನು ಮೇಯುವ, ಅಕ್ಕಿಕಾಳಿನಷ್ಟಿರುವ ಕ್ಯಾಲನಸ್ ಎಂಬ ಜೀವಿ ಮುಂದಿನ ಚಳಿಗಾಲಕ್ಕೆಂದು ಮೈತುಂಬ ಕೊಬ್ಬು ಕೂಡಿಡುತ್ತದೆ. ಈ ವಿಷಗಳಿಗೆ ನೆಲೆ ಸಿಗುವುದೂ ಕೊಬ್ಬಿನಲ್ಲೇ. ಕ್ಯಾಲನಸ್ಸನ್ನು ಕಾಡ್ ಮೀನು, ಮೀನನ್ನು ಸೀಲ್, ಸೀಲನ್ನು ಹಿಮಕರಡಿ ತಿನ್ನುತ್ತ ಹೋದಂತೆ ವಿಷದ ಸಾಂದ್ರತೆ ಏರುತ್ತಲೇ ಹೋಗುತ್ತದೆ.

ದಕ್ಷಿಣ ಧ್ರುವ ಪ್ರದೇಶದ ಅಡೆಲಿ ಪೆಂಗ್ವಿನ್‌ಗಳ ಮೈಯಲ್ಲಿ ಡಿಡಿಟಿ ಇರುವುದು 1960ರ ದಶಕದಲ್ಲೇ ಗೊತ್ತಾಗಿತ್ತು. ಜಗತ್ತಿನ ಬಹುಪಾಲು ದೇಶಗಳು ಅದನ್ನು ಬಿಟ್ಟು ದಶಕಗಳು ಕಳೆದರೂ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಪಶ್ಚಿಮದ ಪೆಂಗ್ವಿನ್‌ಗಳಲ್ಲಿ ಅದರ ಪ್ರಮಾಣ ಇಳಿದಿಲ್ಲವೆಂದು 2008ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಹಿಂದೆಂದೋ ಹಿಮನದಿಯಲ್ಲಿ ಹೂತುಹೋದ ಡಿಡಿಟಿ ಕರಗುನೀರಿನೊಡನೆ ಹೊರಬರುತ್ತಿದೆ ಎಂಬುದು ಆ ವಿಜ್ಞಾನಿಗಳ ತರ್ಕ.

ಕನ್ನಡಿಗರಿಗೆ ಇದು ದೂರದ ಕಥೆಯಾಗಬೇಕಿಲ್ಲ. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕ ಆರ್ಕ್ಟಿಕ್‌ನ ಗಾಳಿ, ಹಿಮಗಳಲ್ಲೂ ಪತ್ತೆಯಾಗಿದೆ. 2011ರ ಏಪ್ರಿಲ್‌ನಲ್ಲಿ ಇಂಥ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಅದು ಸೇರಲು ಆ ಪುರಾವೆಯೂ ಆಧಾರವಾಯಿತು. ಮರು ತಿಂಗಳು ನಮ್ಮ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು.