ಮುನಿಯಪ್ಪಂದಿರೆಲ್ಲ ಮಖಾ ನಕ್ಷತ್ರ

ಅನುಗೊಂಡನಹಳ್ಳಿ ಹೋಬಳಿಯಲ್ಲಿ, ಅಷ್ಟೇಕೆ, ಹೊಸಕೋಟೆ, ದೇವನಹಳ್ಳಿ ಸೀಮೆಯುದ್ದಕ್ಕೂ, ‘ಮುನಿ’ ಎಂದು ಶುರುವಾಗುವ ಹೆಸರಿಗೆ ಬರವಿಲ್ಲ. ಮುನಿಯಪ್ಪ, ಮುನಿಯಮ್ಮ, ಮುನಿರಾಜು, ಮುನಿಶಾಮಪ್ಪ, ಮುನಿವೆಂಕಟಪ್ಪ, ಎಲ್ಲ ಮುನೇಶ್ವರನ ಕೃಪೆ. ಹುಟ್ಟಿದ ಗಳಿಗೆಯನ್ನು ಯಾರೂ ಬರೆದಿಡದ ತಲೆಮಾರಿನ ಮುನಿಯಪ್ಪ ಅರ್ಚನೆ ತಟ್ಟೆ ಹಿಡಿದು ನಿಂತರೆ ಅರ್ಚಕರು ಗೋತ್ರ, ನಕ್ಷತ್ರ ಕೇಳುತ್ತಾರೆ. ‘ಗೊತ್ತಿಲ್ಲ ಸ್ವಾಮಿ, ಹೆಸರಿನ ಮೇಲೆ ಮಾಡಿ’ ಎಂಬುದು ಸಿದ್ಧ ಉತ್ತರ. ಪಂಚಾಂಗದಲ್ಲಿ ಅದಕ್ಕೆಂದೇ ಒಂದು ಕೋಷ್ಟಕವಿದೆ. ಅದರ ಪ್ರಕಾರ ‘ಮು’ ಎಂದರೆ ಮಖಾ ನಕ್ಷತ್ರದ ಮೂರನೇ ಪಾದ, ಸಿಂಹರಾಶಿ. ಅಲ್ಲಿಗೆ ಆ ಸೀಮೆಯ ಮುನಿಯಪ್ಪಂದಿರೆಲ್ಲ ಒಂದೇ ಏಟಿಗೆ ಸಿಂಹರಾಶಿಯವರಾದರು. ವೆಂಕಟಪ್ಪಂದಿರೆಲ್ಲ ಮೃಗಶಿರಾ, ವೃಷಭ. ನಂಜಪ್ಪಂದಿರೆಲ್ಲ ಅನುರಾಧಾ, ವೃಶ್ಚಿಕ. ಪಿಳ್ಳಪ್ಪಂದಿರು ಉತ್ತರೆಯ ನಾಲ್ಕನೇ ಪಾದ, ಕನ್ಯೆ. ಅವರು ಹುಟ್ಟಿದಾಗ ಚಂದ್ರ ಆಕಾಶದ ಯಾವ ಮೂಲೆಯಲ್ಲಿದ್ದನೋ ಆ ಮುನೇಶ್ವರನೇ ಬಲ್ಲ. ಹೆಸರುಬಲ ನೋಡುವ ಈ ರೂಢಿಯನ್ನು ಹಳ್ಳಿಗಾಡಿನ ಕಾಟಾಚಾರವೆಂದು ನಕ್ಕುಬಿಡುವುದು ಸುಲಭ. ಆದರೆ ಜನ್ಮನಕ್ಷತ್ರ ನಿಜಕ್ಕೂ ಏನು ಎಂಬ ಪ್ರಶ್ನೆಗೆ ದಪ್ಪ ದಪ್ಪ ಜಾತಕ ಪುಸ್ತಕಗಳಿಗಿಂತ ಈ ಕೋಷ್ಟಕವೇ ಪ್ರಾಮಾಣಿಕವಾದ ಉತ್ತರ ಕೊಡುತ್ತದೆ. ಜನ್ಮನಕ್ಷತ್ರ ಕಾಲದಲ್ಲಿ ನಮಗೆ ಸಿಕ್ಕ ಒಂದು ವಿಳಾಸ. ಸ್ವಭಾವ, ಯೋಗ, ದೋಷ ಇವೆಲ್ಲ ಆ ವಿಳಾಸದ ಬೋರ್ಡಿನ ಮೇಲೆ ಆಮೇಲೆ ಅಂಟಿಸಿದ ಚೀಟಿಗಳು.

ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಚಂದ್ರ ಆಕಾಶವನ್ನು ಒಂದು ಸುತ್ತು ಹಾಕಲು ಸುಮಾರು 27.3 ದಿನ ಬೇಕು. ಅದಕ್ಕೇ ದಾರಿಯನ್ನು 27 ಭಾಗ ಮಾಡಿದ್ದಾರೆ. ಒಂದೊಂದು ಭಾಗ 13 ಡಿಗ್ರಿ 20 ಕಲೆ, ಅದರಲ್ಲಿ ನಾಲ್ಕು ಪಾದ. ಮಗು ಹುಟ್ಟಿದಾಗ ಚಂದ್ರ ಯಾವ ಭಾಗದಲ್ಲಿರುತ್ತಾನೋ ಅದು ಜನ್ಮನಕ್ಷತ್ರ. ಅವನ ವೇಗ ಒಂದೇ ಸಮ ಇರುವುದಿಲ್ಲವಾದ್ದರಿಂದ ಒಂದು ನಕ್ಷತ್ರ ದಾಟಲು 21ರಿಂದ 27 ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ಭೂಮಿಯ ಮೇಲೆ ಎಲ್ಲೇ ಹುಟ್ಟಿದ ಮಗುವಿಗೂ ಅದೇ ನಕ್ಷತ್ರ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ, 27ಕ್ಕೆ ಹಂಚಿದರೆ ಒಂದೊಂದು ನಕ್ಷತ್ರದ ಪಾಲಿಗೆ 22 ಲಕ್ಷಕ್ಕೂ ಹೆಚ್ಚು ಜನ. ‘ಮಖೆಯವರು ಹಠವಾದಿಗಳು’ ಎಂದಾಗ ನಾವು ಮಾತಾಡುತ್ತಿರುವುದು ಇಷ್ಟು ದೊಡ್ಡ ಗುಂಪಿನ ಬಗ್ಗೆ.

ಆ ಕೋಷ್ಟಕಕ್ಕೆ ಬರೋಣ, ಏಕೆಂದರೆ ಅದರಷ್ಟು ಸೊಗಸಾದ ವಸ್ತು ಇಡೀ ಪಂಚಾಂಗದಲ್ಲಿ ಇನ್ನೊಂದಿಲ್ಲ. ಅವಕಹಡ ಚಕ್ರ ಎಂದು ಅದರ ಹೆಸರು. ಅಶ್ವಿನಿಗೆ ಚು, ಚೆ, ಚೋ, ಲ. ಭರಣಿಗೆ ಲಿ, ಲು, ಲೆ, ಲೋ ಎಂದು ಓದುತ್ತ ಹೋದರೆ ಯಾರೋ ಋಷಿಗೆ ಕನಸಿನಲ್ಲಿ ಕೇಳಿಸಿದ ಅಕ್ಷರಗಳಂತೆ ಕಾಣುತ್ತವೆ. ಆದರೆ ಅಶ್ವಿನಿಯನ್ನು ಬಿಟ್ಟು ಕೃತ್ತಿಕೆಯಿಂದ ಓದಬೇಕು. ಆಗ ಮೊದಲ ಅಕ್ಷರವೇ ಅ. ಕೃತ್ತಿಕೆಗೆ ಅ, ಇ, ಉ, ಎ. ರೋಹಿಣಿಗೆ ಓ, ವ, ವಿ, ವು. ಮೃಗಶಿರೆಗೆ ವೆ, ವೋ, ಕ, ಕಿ. ಗುಟ್ಟು ಬಿಚ್ಚಿಕೊಳ್ಳುತ್ತದೆ: ಅ, ವ, ಕ, ಹ, ಡ ಎಂಬ ಐದು ಅಕ್ಷರಗಳಿಗೆ ಅ, ಇ, ಉ, ಎ, ಓ ಎಂಬ ಐದು ಸ್ವರ ಸೇರಿಸಿ ಸಾಲಾಗಿ ಹಂಚಿದ್ದಾರೆ, ಅಷ್ಟೆ. ಐದೈದಲಿ ಇಪ್ಪತ್ತೈದು. ಮುಂದಿನ ಇಪ್ಪತ್ತೈದು ಮ, ಟ, ಪ, ರ, ತ. ಆಮೇಲೆ ನ, ಯ, ಭ, ಜ, ಖ. ಕೊನೆಗೆ ಗ, ಸ, ದ, ಚ, ಲ. ಒಟ್ಟು ನೂರು ಮನೆ. ಅದಕ್ಕೇ ಇದನ್ನು ಶತಪದ ಚಕ್ರ ಎಂದೂ ಕರೆಯುತ್ತಾರೆ. ಮಜಾ ಇರುವುದು ಮಿಕ್ಕ ಅಕ್ಷರಗಳಲ್ಲಿ. ಆರಿದ್ರೆಗೆ ಕು, ಘ, ಙ, ಛ ಎಂದಿದೆ. ಹಸ್ತೆಗೆ ಪು, ಷ, ಣ, ಠ. ಪೂರ್ವಾಷಾಢೆಗೆ ಭು, ಧ, ಫ, ಢ. ಉತ್ತರಾಭಾದ್ರೆಗೆ ದು, ಥ, ಝ, ಞ. ಈ ನಾಲ್ಕು ನಕ್ಷತ್ರದವರು ಙ, ಣ, ಢ, ಞ ಹಿಡಿದು ಮಗುವಿಗೆ ಹೆಸರು ಹುಡುಕಲಾರದೆ ಪರದಾಡುವುದು ಊರಿಗೆಲ್ಲ ಗೊತ್ತು. ಆದರೆ ಕು, ಪು, ಭು, ದು ಎಲ್ಲಿವೆ ನೋಡಿ. ಐದು ಅಡ್ಡ, ಐದು ಉದ್ದದ ಚೌಕ ಬರೆದರೆ ಮೂರನೇ ವ್ಯಂಜನದ ಮೂರನೇ ಸ್ವರ, ಎಂದರೆ ನಟ್ಟನಡುವಿನ ಮನೆ. ನಾಲ್ಕು ಚೌಕ, ನಾಲ್ಕು ನಡುಮನೆ; ಒಂದೊಂದರಲ್ಲೂ ಮೂರು ಹೆಚ್ಚುವರಿ ಅಕ್ಷರಗಳನ್ನು ತುಂಬಿ ಆ ಮನೆಯನ್ನೇ ಒಂದು ಇಡೀ ನಕ್ಷತ್ರಕ್ಕೆ ಬಿಟ್ಟುಕೊಟ್ಟಿದ್ದಾರೆ. ಅದರ ಹಿಂದೆ ಮೂರು ನಕ್ಷತ್ರ, ಮುಂದೆ ಮೂರು. ಕೃತ್ತಿಕೆಯಿಂದ ಆಶ್ಲೇಷದವರೆಗಿನ ಏಳರ ನಡುವೆ ಆರಿದ್ರೆ, ಮಖೆಯಿಂದ ವಿಶಾಖೆಯವರೆಗಿನ ಏಳರ ನಡುವೆ ಹಸ್ತೆ. ಏಳರಂತೆ ನಾಲ್ಕು ಸಾಲು ಎಂದರೆ 28. ಆದರೆ ನಮ್ಮ ನಕ್ಷತ್ರಗಳು 27! ಬಿಟ್ಟುಹೋದದ್ದು ಅಭಿಜಿತ್. ಉತ್ತರಾಷಾಢ, ಶ್ರವಣಗಳ ನಡುವೆ ಅದನ್ನು ಕೂರಿಸಿದರೆ ಜು, ಜೆ, ಜೋ, ಖ ಅದರ ಪಾಲು, ಲೆಕ್ಕ ಚುಕ್ತಾ. ಕೂರಿಸದಿದ್ದರೆ ನಾಲ್ಕು ಅಕ್ಷರ ಅನಾಥ. ಅದಕ್ಕೇ ಇವತ್ತಿಗೂ ಕೆಲವು ಪಟ್ಟಿಗಳು ಶ್ರವಣಕ್ಕೆ ಜು, ಜೆ, ಜೋ, ಖ ಕೊಟ್ಟರೆ ಮತ್ತೆ ಕೆಲವು ಖಿ, ಖು, ಖೆ, ಖೋ ಕೊಡುತ್ತವೆ. ಶ್ರವಣದಲ್ಲಿ ಹುಟ್ಟಿದ ಮಗುವಿಗೆ ಯಾವ ಅಕ್ಷರ ಸರಿ ಎಂಬ ಜಗಳದ ಬೇರು ಇಲ್ಲಿದೆ.

ಇದನ್ನು ಇಷ್ಟು ಹಿಂಜಿದ್ದಕ್ಕೆ ಕಾರಣವಿದೆ. ‘ಮು’ ಎಂಬ ಸದ್ದಿಗೂ ಮಖೆಗೂ ಗುಪ್ತವಾದ ನಂಟಿದೆ ಎಂದು ನಂಬುವವರುಂಟು. ಚಕ್ರವನ್ನು ಬಿಚ್ಚಿ ನೋಡಿದರೆ ಸಿಗುವುದು ಅಕ್ಷರಮಾಲೆಯನ್ನು 112 ಖಾನೆಗಳಿಗೆ ಚೊಕ್ಕವಾಗಿ ಹಂಚಿದ ಬುದ್ಧಿವಂತಿಕೆ. ಕಡತಕ್ಕೆ ನಂಬರು ಹಾಕುವ ಕೆಲಸ. ‘ಇಷ್ಟು ಅಚ್ಚುಕಟ್ಟಾಗಿರುವುದೇ ದೈವಿಕವೆಂಬುದಕ್ಕೆ ಸಾಕ್ಷಿ’ ಎಂದು ವಾದಿಸಬಹುದು. ಹಾಗಿದ್ದರೆ ಅದಕ್ಕಿಂತ ಹಳೆಯ ವೇದಾಂಗ ಜ್ಯೋತಿಷದಲ್ಲಿ ಬೇರೆಯೇ ಅಕ್ಷರಗಳೇಕಿವೆ? ಅಲ್ಲಿ ಆರಿದ್ರೆಗೆ ‘ದ್ರಾ’, ವಿಶಾಖೆಗೆ ‘ಖೇ’; ನಕ್ಷತ್ರದ ಅಥವಾ ಅದರ ದೇವತೆಯ ಹೆಸರಿನಿಂದಲೇ ಹೆಕ್ಕಿದ ನೆನಪಿನ ಗುರುತುಗಳು. ಇನ್ನೊಂದು ಹಳೆಯ ಪದ್ಧತಿಯಲ್ಲಿ ಅಕ್ಷರದ ಗೊಡವೆಯೇ ಇಲ್ಲ, ನಕ್ಷತ್ರದ ಹೆಸರನ್ನೇ ಮಗುವಿಗೆ ಇಡುತ್ತಿದ್ದರು. ಪಾಣಿನಿ ಅದಕ್ಕೆ ವ್ಯಾಕರಣದ ನಿಯಮವನ್ನೂ ಕೊಟ್ಟಿದ್ದಾನೆ. ಮನುಸ್ಮೃತಿಯಂತೂ ನಕ್ಷತ್ರದ ಹೆಸರಿನ ಕನ್ಯೆಯನ್ನು ಮದುವೆಯಾಗಬೇಡ ಎನ್ನುತ್ತದೆ. ನಮ್ಮ ರೋಹಿಣಿ, ಚಿತ್ರಾ, ಸ್ವಾತಿ, ರೇವತಿ, ಅಶ್ವಿನಿಯರಿಗೆಲ್ಲ ಮದುವೆಯಾಗಿ ಮೊಮ್ಮಕ್ಕಳೂ ಆಗಿದ್ದಾರೆ. ಆ ಮಾತನ್ನು ಯಾರು ಯಾವಾಗ ಕೈಬಿಟ್ಟರೋ, ಯಾರೂ ಪ್ರಾಯಶ್ಚಿತ್ತ ಮಾಡಿಸಿಕೊಂಡಂತಿಲ್ಲ.

ವಿಳಾಸವಾಗಿ ನಕ್ಷತ್ರ ಬಲು ಒಳ್ಳೆಯದು, ಅದರಲ್ಲಿ ನನಗೆ ತಕರಾರಿಲ್ಲ. ರಾಮನಿಗೆ ಪುನರ್ವಸು, ಕೃಷ್ಣನಿಗೆ ರೋಹಿಣಿ, ಮೇಲುಕೋಟೆಯಲ್ಲಿ ಬಾಳಿದ ರಾಮಾನುಜರಿಗೆ ಆರಿದ್ರೆ. ಹನ್ನೊಂದನೇ ಶತಮಾನದ ಆದಿಯಲ್ಲಿ ಹೊಸಕೋಟೆ, ಕೋಲಾರದ ಸೀಮೆಯನ್ನೂ ಆಳಿದ ಚೋಳರ ರಾಜರಾಜನ ನಕ್ಷತ್ರ ಶತಭಿಷ. ಆ ದಿನ ಉತ್ಸವ ನಡೆಯಬೇಕೆಂದು ತಂಜಾವೂರಿನ ದೇವಾಲಯದಲ್ಲಿ ಶಾಸನವೇ ಇದೆ. ಅಚ್ಚು ಹಾಕಿದ ಕ್ಯಾಲೆಂಡರ್ ಇಲ್ಲದ ಕಾಲದಲ್ಲಿ ಚಂದ್ರನನ್ನು ನೋಡಿ ಹುಟ್ಟುಹಬ್ಬ ಗುರುತಿಸುವ ಉಪಾಯ ಅದು. ರೈತರದಂತೂ ಇನ್ನೊಂದು ಲೆಕ್ಕ. ಅದೇ 27 ಹೆಸರನ್ನು ಅವರು ಚಂದ್ರನ ಬದಲು ಸೂರ್ಯನಿಗೆ ಕಟ್ಟಿ ಮಳೆ ಮಾಡಿಕೊಂಡರು. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ: ಮೇ ಕೊನೆಗೆ ರೋಹಿಣಿ, ಜೂನ್ ಕೊನೆಗೆ ಆರಿದ್ರೆ, ಆಗಸ್ಟ್ ನಡುವಿಗೆ ಮಖೆ, ಸೆಪ್ಟೆಂಬರಿನಲ್ಲಿ ಉತ್ತರೆ. ರಾಗಿ ಹೊಲದ ಸೀಮೆಯಲ್ಲಿ ಅಜ್ಜಿಯರು ಮೊಮ್ಮಗನನ್ನು ‘ಉತ್ತರೆ ಮಳೆಯಲ್ಲಿ ಹುಟ್ಟಿದವನು’ ಎಂದರೆ ಅದೂ ಒಂದು ನಕ್ಷತ್ರವೇ. ಅವನ ಜಾತಕದ ನಕ್ಷತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಸರಿನಿಂದ ಒಂದು, ಮಳೆಯಿಂದ ಒಂದು, ಚಂದ್ರನಿಂದ ಒಂದು, ಹೀಗೆ ಒಬ್ಬನಿಗೇ ಮೂರು ನಕ್ಷತ್ರ. ಮೂರರಲ್ಲಿ ಬೆಳೆಗೆ ಲೆಕ್ಕ ಸಿಗುವುದು ಒಂದರಿಂದ ಮಾತ್ರ.

ಜೋಯಿಸರ ಆಕ್ಷೇಪ ಇಲ್ಲಿ ಬರುತ್ತದೆ, ನ್ಯಾಯವಾದದ್ದೇ. ಹೆಸರಿನ ನಕ್ಷತ್ರ ಗತಿಗೆಟ್ಟವರ ಉಪಾಯ. ಈಗ ಆಸ್ಪತ್ರೆಯಲ್ಲಿ ನಿಮಿಷ ಸಮೇತ ಹೊತ್ತು ಬರೆದುಕೊಡುತ್ತಾರೆ, ಚಂದ್ರನ ನಿಜ ಸ್ಥಾನವೇ ಸಿಗುತ್ತದೆ. ಹಾಗಾಗಿ ಮುನಿಯಪ್ಪನ ಮಖೆಯನ್ನು ಮುಂದಿಟ್ಟುಕೊಂಡು ಶಾಸ್ತ್ರವನ್ನು ಅಳೆಯಬೇಡಿ ಎನ್ನುತ್ತಾರೆ. ಸರಿ. ಚಂದ್ರನ ಸ್ಥಾನ ನಿಮಿಷ ಸಮೇತ ಸಿಗುತ್ತದೆ, ಆದರೆ ಯಾವ ಗೆರೆಯಿಂದ ಅಳೆಯುವುದು? ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಅಯನಾಂಶ ಎಂಬ ತಿದ್ದುಪಡಿ ಕಳೆಯಬೇಕು, ಆ ಸಂಖ್ಯೆಯ ಮೇಲೆ ಒಮ್ಮತವಿಲ್ಲ. 1952ರಲ್ಲಿ ಮೇಘನಾದ ಸಾಹಾ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ರಚನೆಯಾಯಿತು. ಅದರ ಕಾರ್ಯದರ್ಶಿ ಎನ್.ಸಿ. ಲಾಹಿರಿ ಹೆಸರಿನ ಅಯನಾಂಶವೇ ಸರ್ಕಾರದ ಪಂಚಾಂಗಕ್ಕೆ ಬಂತು. ನಮ್ಮ ಬೆಂಗಳೂರಿನ ಬಿ.ವಿ. ರಾಮನ್ (1912–1998) ಅದನ್ನು ಒಪ್ಪಲಿಲ್ಲ. ಅವರ ತಾತ ಬಿ. ಸೂರ್ಯನಾರಾಯಣ ರಾವ್ 1895ರಲ್ಲಿ ಶುರುಮಾಡಿದ್ದ ಇಂಗ್ಲಿಷ್ ಜ್ಯೋತಿಷ ಪತ್ರಿಕೆಯನ್ನು ಜಗತ್ತಿಗೆಲ್ಲ ಮುಟ್ಟಿಸಿದವರು ರಾಮನ್. ಕನ್ನಡ ನಾಡಿನ ಜೋಯಿಸರಲ್ಲಿ ಅಷ್ಟು ದೂರ ಹೆಸರು ಹೋದವರು ಅಪರೂಪ. ಅಯನಾಂಶ ಸೊನ್ನೆಯಾಗಿದ್ದ ವರ್ಷ ಲಾಹಿರಿ ಪ್ರಕಾರ ಕ್ರಿ.ಶ. 285, ರಾಮನ್ ಪ್ರಕಾರ 397. ಇಬ್ಬರ ನಡುವೆ ಸುಮಾರು 1 ಡಿಗ್ರಿ 27 ಕಲೆ ಅಂತರ. ಚಂದ್ರನಿಗೆ ಅದು ಎರಡೂವರೆ ಗಂಟೆಗೂ ಮಿಕ್ಕ ನಡಿಗೆ. ಚಿಲ್ಲರೆ ವ್ಯತ್ಯಾಸ ಎನ್ನುವವರು ಭಾಗಾಕಾರ ಮಾಡಿ ನೋಡಲಿ: ನೂರರಲ್ಲಿ 11 ಜನರ ನಕ್ಷತ್ರವೇ ಬದಲಾಗುತ್ತದೆ, 43 ಜನರ ಪಾದ ಬದಲಾಗುತ್ತದೆ. ಪಾದ ಬದಲಾದರೆ ಹೆಸರಿನ ಅಕ್ಷರವೂ ಬದಲು. ದಶಾ ಲೆಕ್ಕ ಶುರುವಾಗುವುದೂ ಜನ್ಮನಕ್ಷತ್ರದಿಂದಲೇ. ಭರಣಿಯಲ್ಲಿ ಹುಟ್ಟಿದವನ ಇಪ್ಪತ್ತು ವರ್ಷದ ಶುಕ್ರದಶೆ ರಾಮನ್ ಲೆಕ್ಕದಲ್ಲಿ ಎರಡು ವರ್ಷಕ್ಕೂ ಹೆಚ್ಚು ಮೊದಲೇ ಮುಗಿದುಹೋಗುತ್ತದೆ. ಇಬ್ಬರೂ ಘಟಾನುಘಟಿಗಳು, ಇಬ್ಬರ ಲೆಕ್ಕದಲ್ಲೂ ಜಾತಕ ಹೇಳಿದವರು ‘ಹೇಳಿದ್ದು ಹೇಳಿದಂತೆ ಆಯಿತು’ ಎಂಬ ಹೊಗಳಿಕೆ ಗಿಟ್ಟಿಸಿದ್ದಾರೆ. ಗೆರೆ ಎಲ್ಲಿ ಎಳೆದರೂ ಫಲ ಕೂಡಿಬರುತ್ತದೆಂದರೆ ಫಲ ಗೆರೆಯಿಂದ ಬಂದದ್ದಂತೂ ಆಗಿರಲಾರದು. 2008ರಲ್ಲಿ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮಹಾರಾಷ್ಟ್ರದಲ್ಲಿ ಬುದ್ಧಿವಂತ ಮಕ್ಕಳ ಮತ್ತು ಬುದ್ಧಿಮಾಂದ್ಯ ಮಕ್ಕಳ ಕುಂಡಲಿ ಬೆರೆಸಿ ಗುರುತಿಸಲು ಕೊಟ್ಟಾಗ ಉತ್ತರಿಸಿದ ಜ್ಯೋತಿಷಿಗಳ ಸರಾಸರಿ ನೂರಕ್ಕೆ 46. ನಾಣ್ಯ ಚಿಮ್ಮಿದ್ದರೂ ಇನ್ನೊಂದಿಷ್ಟು ಹೆಚ್ಚು ಬರುತ್ತಿತ್ತು. ಉತ್ತರಿಸಿದವರು, ಕಾಕತಾಳೀಯವೆಂಬಂತೆ, 27 ಜನ.

‘ನಂಬಿದವರು ನಂಬಿಕೊಳ್ಳಲಿ, ನಿಮಗೇನು ನಷ್ಟ?’ ಎಂಬ ಮಾತು ಉಳಿಯುತ್ತದೆ. ಅರ್ಚನೆಯ ಸಂಕಲ್ಪಕ್ಕೆ, ಆಯುಷ್ಯ ಹೋಮಕ್ಕೆ, ವರ್ಷಕ್ಕೊಮ್ಮೆ ಪಾಯಸಕ್ಕೆ ನಕ್ಷತ್ರ ಬೇಕೆಂದರೆ ಯಾರಿಗೂ ನಷ್ಟವಿಲ್ಲ. ನಷ್ಟ ಆಗುವುದು ಸಾಲಾವಳಿ ನೋಡುವಾಗ, ಅದೂ ಹೆಣ್ಣುಮಕ್ಕಳಿಗೆ. ಮೂಲಾ ನಕ್ಷತ್ರದವಳು ಮಾವನಿಗೆ ಆಗುವುದಿಲ್ಲ, ಆಶ್ಲೇಷದವಳು ಅತ್ತೆಗೆ, ಜ್ಯೇಷ್ಠೆಯವಳು ಭಾವನಿಗೆ, ವಿಶಾಖೆಯವಳು ಮೈದುನನಿಗೆ ಆಗುವುದಿಲ್ಲ. ನೆಂಟಸ್ತಿಕೆಯ ಪಟ್ಟಿಯನ್ನೇ ಎದುರಿಗಿಟ್ಟುಕೊಂಡು ಹಂಚಿದಂತಿದೆ. ಹುಡುಗನ ಮೂಲಾ ನಕ್ಷತ್ರ ಅವನ ಮಾವನಿಗೆ ಏನು ಮಾಡೀತೆಂದು ಮಾತ್ರ ಅಷ್ಟಾಗಿ ಯಾರೂ ಕೇಳುವುದಿಲ್ಲ. ಜೋಯಿಸರಿಗೇ ಇದರಲ್ಲಿ ಮುಜುಗರವಿದೆ. ಮೂಲದ ನಾಲ್ಕನೇ ಪಾದ ಶುಭ, ಆಶ್ಲೇಷದ ಮೊದಲನೇ ಪಾದಕ್ಕೆ ದೋಷವಿಲ್ಲ ಎಂಬ ವಿನಾಯಿತಿಗಳನ್ನು ಶಾಸ್ತ್ರವೇ ಕೊಟ್ಟಿದೆ. ಪಾದದ ಮೇಲೆ ನಿಂತ ವಿನಾಯಿತಿ, ಪಾದವೋ ಅಯನಾಂಶದ ಮೇಲೆ ನಿಂತದ್ದು. ಲಾಹಿರಿ ಲೆಕ್ಕದಲ್ಲಿ ಜ್ಯೇಷ್ಠೆಯ ಕೊನೆಯ ಎರಡೂವರೆ ಗಂಟೆಯಲ್ಲಿ ಹುಟ್ಟಿದ ಹುಡುಗಿ ಭಾವನಿಗೆ ಕಂಟಕ. ಅದೇ ಹುಡುಗಿ ರಾಮನ್ ಲೆಕ್ಕದಲ್ಲಿ ಮೂಲಾ ಮೊದಲ ಪಾದ, ಭಾವ ಪಾರಾಗಿ ಮಾವ ಸಿಕ್ಕಿಬೀಳುತ್ತಾನೆ. ಮೂಲದ ಮೂರನೇ ಪಾದದ ಕೊನೆಯ ಎರಡೂವರೆ ಗಂಟೆಯಲ್ಲಿ ಹುಟ್ಟಿದವಳು ರಾಮನ್ ಲೆಕ್ಕಕ್ಕೆ ಬಂದರೆ ನಾಲ್ಕನೇ ಪಾದ, ಮಾವ ನಿಶ್ಚಿಂತ. ಜಾತಕ ಬರೆಯುವ ಸಾಫ್ಟ್‌ವೇರುಗಳಲ್ಲಿ ಲಾಹಿರಿ, ರಾಮನ್ ಎಂದು ಆರಿಸಿಕೊಳ್ಳುವ ಜಾಗವೇ ಇರುತ್ತದೆ. ಹೆಣ್ಣು ನೋಡಲು ಬಂದವರು ನಕ್ಷತ್ರ ಯಾವುದೆಂದು ಕೇಳಿದರೆ, ಯಾವ ಅಯನಾಂಶಕ್ಕೆ ಹೇಳಲಿ ಎಂದು ಹುಡುಗಿಯ ಕಡೆಯವರು ತಿರುಗಿ ಕೇಳಬಹುದು. ಸಾಲಾವಳಿಗೆ ಕೂತವರು ಅದಕ್ಕೊಂದು ಉತ್ತರ ಕೊಡಲೇಬೇಕಾಗುತ್ತದೆ.