ಮತ್ಸ್ಯರೋಗ ಸಂಶೋಧನೆ ಮತ್ತು ನಮ್ಮ ತರುಣರು

ಮಲ್ಪೆ, ಕಾಪುಗಳ ಕಡಲತೀರದಲ್ಲಿ ಬೆಳೆದವರಿಗೆ ಮೀನಿನ ಬೆಲೆಯನ್ನು ಯಾರೂ ಕಲಿಸಬೇಕಾದುದಿಲ್ಲ. ಆದರೆ ಕಡಲು ಕೊಡುವುದು ಸಾಲದೆ ಕೊಳಗಳಲ್ಲಿಯೂ ಮೀನು ಸಾಕುವ ಈ ಕಾಲದಲ್ಲಿ, ಮೀನಿನ ರೋಗವೂ ನಮ್ಮ ಚಿಂತೆಗೆ ವಿಷಯವಾಗಿರುವುದು.

ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರತಿಕಾಯವೆಂಬ ಪ್ರೋಟೀನು ಮನುಷ್ಯನಲ್ಲಿರುವಂತೆ ಮೀನಿನಲ್ಲಿಯೂ ಉಂಟು, ಸೀಗಡಿಯಲ್ಲಿ ಇಲ್ಲ. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗವು ದೇಶದ ಸೀಗಡಿ ಕೊಳಗಳನ್ನು ಹಾಳುಗೆಡಹಿದಾಗ, ನಮಗೆ ಪರಿಚಿತವಾದ ಲಸಿಕೆಯ ಮಾರ್ಗವು ಒದಗದುದಕ್ಕೆ ಇದೂ ಒಂದು ಕಾರಣವು.

ಮೀನಿನ ವಿಷಯದಲ್ಲಿಯಾದರೋ ಆಶೆಗೆ ಎಡೆಯುಂಟು. 1969ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಕೆ. ಎಂ. ಶಂಕರ್ ಮತ್ತು ಅವರ ಸಂಗಡಿಗರು ಗೆಂಡೆ ಜಾತಿಯ ಮೀನುಗಳಿಗೆ ಆಹಾರದೊಡನೆ ಉಣಿಸುವ ಲಸಿಕೆಯನ್ನು ಪರೀಕ್ಷಿಸಿದರು. ನಿರ್ಜೀವಗೊಳಿಸಿದ ಬ್ಯಾಕ್ಟೀರಿಯವನ್ನು ಬಿಡಿಬಿಡಿಯಾಗಿ ಉಣಿಸಿದರೆ ಅದು ಕರುಳಿನಲ್ಲಿ ಬೇಗನೆ ಜೀರ್ಣವಾಗುವುದು. ಪದರವಾಗಿ ಬೆಳೆಸಿದುದಕ್ಕೆ ತನ್ನದೇ ಆದ ಲೋಳೆಯ ಕವಚವಿರುವುದರಿಂದ, ಅದು ಹಿಂಗರುಳನ್ನು ತಲಪಿ ಪ್ರತಿಕಾಯಗಳನ್ನು ಹೆಚ್ಚಿಸಿತು.

ಇಂತಹ ಕಾರ್ಯವು ಒಂದೆರಡು ತಿಂಗಳಲ್ಲಿ ಮುಗಿಯತಕ್ಕದ್ದಲ್ಲ. ಮರಿಗಳನ್ನು ಸಾಕಿ, ಲಸಿಕೆಯುಣಿಸಿ, ರೋಗಕ್ಕೊಡ್ಡಿ, ಮತ್ತೆ ಮತ್ತೆ ಪರೀಕ್ಷಿಸಬೇಕು. ಆದರೆ ಡಾಕ್ಟರೇಟು ಪಡೆದು ಈ ಕೆಲಸಕ್ಕೆ ನಿಲ್ಲುವ ತರುಣರ ಹುದ್ದೆಗಳು ಬಹುಶಃ ಯೋಜನೆಯ ಹಣವಿರುವವರೆಗೆ ಮಾತ್ರ. ಹಣ ಮುಗಿದೊಡನೆ ಅವರು ಪರಸ್ಥಳಕ್ಕೆ ಹೋಗುವರು. ಕೈಗೆ ಹತ್ತಿದ ಕುಶಲತೆಯೂ ಅವರೊಡನೆ ಹೋಗುವುದು.

ಉಡುಪಿ, ಮಣಿಪಾಲ, ಕಾರ್ಕಳಗಳ ಉದಾರಿಗಳು ವಿದ್ಯೆಗಾಗಿ ಕಟ್ಟಡಗಳನ್ನು ಎತ್ತಿಸಿರುವರು. ಇನ್ನು ಕಟ್ಟಡದೊಳಗೆ ದುಡಿಯುವವನಿಗೆ ಐದು ವರ್ಷಗಳ ನೆಮ್ಮದಿಯನ್ನು ಕೊಡುವ ವೇತನನಿಧಿಯನ್ನೂ ಸ್ಥಾಪಿಸಲಿ. ಸರಕಾರವು ಅದಕ್ಕೆ ಸಮಪಾಲು ಸೇರಿಸಲಿ. ಬಲೆ ನೇಯುವವನನ್ನು ಊರಿನಿಂದ ಕಳುಹಿಸಿ ಮೀನಿಗಾಗಿ ಕಾಯುವುದು ವಿವೇಕವಲ್ಲ.