ಕಾರು ಒಬ್ಬರದು, ಹೆಸರು ಇನ್ನೊಬ್ಬರದು



ಜಯನಗರ ನಾಲ್ಕನೆಯ ಬ್ಲಾಕಿನಲ್ಲಿ ಕಾಂಪ್ಲೆಕ್ಸಿನ ಸುತ್ತ ಸಾಲಾಗಿ ನಿಂತಿರುವ ಕಾರುಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಒಂದು ಮಾರುತಿ ಬಲೆನೋ, ಒಂದು ಟೊಯೋಟಾ ಗ್ಲಾಂಜಾ ಕಣ್ಣಿಗೆ ಬೀಳುವುದು ಕಷ್ಟವಲ್ಲ. ಎರಡರ ಬಾಗಿಲುಗಳನ್ನು, ಕಿಟಕಿಯ ಗೆರೆಯನ್ನು, ಹಿಂಭಾಗದ ಇಳಿಜಾರನ್ನು ಹೋಲಿಸಿ ನೋಡಿ. ಮುಂದಿನ ಗ್ರಿಲ್ಲು, ಬಂಪರು ಮತ್ತು ಸ್ಟಿಯರಿಂಗಿನ ನಡುವಿನ ಲಾಂಛನ ಬಿಟ್ಟರೆ ಬೇರೆ ವ್ಯತ್ಯಾಸ ಹುಡುಕಲು ನೀವು ತಡಕಾಡಬೇಕಾಗುತ್ತದೆ. ಕಾರಣ ಸರಳವಾಗಿದೆ. ಇವು ಎರಡು ಕಾರುಗಳಲ್ಲ, ಎರಡು ಹೆಸರು ಹೊತ್ತ ಒಂದೇ ಕಾರು. ಸುಜುಕಿ ಸಂಸ್ಥೆ ರೂಪಿಸಿದ ಬಲೆನೋ ಕಾರೇ 2019ರ ಜೂನ್ ತಿಂಗಳಲ್ಲಿ ಟೊಯೋಟಾ ಲಾಂಛನ ಧರಿಸಿ ಗ್ಲಾಂಜಾ ಎಂದು ಮಾರಾಟಕ್ಕೆ ಬಂತು.

ನಮ್ಮ ಬಡಾವಣೆಗಳಲ್ಲಿ ಅಯ್ಯಂಗಾರ್ ಬೇಕರಿ ಇಲ್ಲದ ಬೀದಿ ಅಪರೂಪ. ಅಲ್ಲಿ ಬೋರ್ಡಿನ ಹೆಸರು ಒಂದೇ, ಒಲೆಗಳು ಬೇರೆ ಬೇರೆ. ಇಲ್ಲಿ ಅದು ತಿರುಗುಮುರುಗು: ಒಲೆ ಒಂದೇ, ಬೋರ್ಡುಗಳು ಎರಡು. ಇದನ್ನು ಮೋಸವೆಂದು ತೀರ್ಮಾನಿಸಲು ಅವಸರಪಡಬೇಡಿ. ಹೊಸ ಕಾರೊಂದನ್ನು ಕಾಗದದ ಮೇಲಿನ ಚಿತ್ರದಿಂದ ರಸ್ತೆಗೆ ತರಲು ಅನೇಕ ವರ್ಷಗಳ ದುಡಿಮೆ ಮತ್ತು ನೂರಾರು ಕೋಟಿ ರೂಪಾಯಿ ಬೇಕು. ಒಬ್ಬ ತಯಾರಕನ ಬಳಿ ಒಳ್ಳೆಯ ಸಣ್ಣ ಕಾರಿದ್ದು ಇನ್ನೊಬ್ಬನ ಷೋರೂಮಿನಲ್ಲಿ ಆ ಜಾಗ ಖಾಲಿ ಇದ್ದರೆ, ಇಬ್ಬರೂ ಒಪ್ಪಂದ ಮಾಡಿಕೊಳ್ಳುವುದು ವ್ಯಾಪಾರದ ಸಹಜ ಕ್ರಮ.

ಈ ಒಪ್ಪಂದದ ಇನ್ನೊಂದು ಕೊನೆ ನಮ್ಮ ಹತ್ತಿರವೇ ಇದೆ. ಬನಶಂಕರಿಯಿಂದ ಮೈಸೂರು ರಸ್ತೆ ಹಿಡಿದು ಹೋದರೆ ಬಿಡದಿ ಸಿಗುತ್ತದೆ. ಅಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 1999ರ ಡಿಸೆಂಬರಿನಿಂದ ವಾಹನಗಳು ತಯಾರಾಗುತ್ತಿವೆ. 2022ರಲ್ಲಿ ಅದೇ ಕಾರ್ಖಾನೆಯಿಂದ ಟೊಯೋಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಎಂಬ ಅವಳಿಗಳು ಹೊರಬಂದವು. 2023ರಲ್ಲಿ ಇನ್ನೋವಾ ಹೈಕ್ರಾಸ್ ಮಾರುತಿಯ ಷೋರೂಮಿಗೆ ಹೋಗಿ ಇನ್ವಿಕ್ಟೋ ಆಯಿತು. (ಬಿಡದಿ ಇರುವ ರಾಮನಗರ ಜಿಲ್ಲೆಗೇ 2025ರಲ್ಲಿ ರಾಜ್ಯ ಸರ್ಕಾರ ‘ಬೆಂಗಳೂರು ದಕ್ಷಿಣ’ ಎಂದು ಹೊಸ ಹೆಸರು ಕೊಟ್ಟಿತು. ಲಾಂಛನ ಬದಲಾಗುವುದು ಕಾರಿಗೆ ಮಾತ್ರವಲ್ಲ!)

ಹಾಗಾದರೆ ಕೊಳ್ಳುವವನು ಹಣ ಕೊಡುವುದು ಯಾವುದಕ್ಕೆ? ಕಬ್ಬಿಣಕ್ಕೋ, ಹೆಸರಿಗೋ? ಗ್ಲಾಂಜಾ ಬಂದ ಸಮಯದ ಒಂದು ಸಂಗತಿ ನೋಡಿ. ಆಗ ಬಲೆನೋ ಕೊಂಡವರಿಗೆ ಸಿಗುತ್ತಿದ್ದ ವಾರಂಟಿ 2 ವರ್ಷ ಅಥವಾ 40,000 ಕಿ.ಮೀ. ಅದೇ ಕಾರನ್ನು ಗ್ಲಾಂಜಾ ಎಂಬ ಹೆಸರಿನಲ್ಲಿ ಕೊಂಡವರಿಗೆ 3 ವರ್ಷ ಅಥವಾ 1,00,000 ಕಿ.ಮೀ. ಎಂಜಿನ್ ಬದಲಾಗಿರಲಿಲ್ಲ, ಗೇರ್ ಬದಲಾಗಿರಲಿಲ್ಲ. ಬದಲಾಗಿದ್ದು ಮಾತು ಕೊಟ್ಟವರು. (2024ರಲ್ಲಿ ಮಾರುತಿಯೂ ತನ್ನ ವಾರಂಟಿಯನ್ನು ಅಷ್ಟಕ್ಕೇ ಏರಿಸಿತು.) ಲಾಂಛನವೆಂದರೆ ಮುಖ್ಯವಾಗಿ ಇದೇ. ಕಾರು ಕೆಟ್ಟರೆ ನೋಡಿಕೊಳ್ಳುತ್ತೇವೆ, ಬಿಡಿಭಾಗ ಒದಗಿಸುತ್ತೇವೆ ಎಂದು ಮಾರುವವನು ಕೊಡುವ ಭರವಸೆ. ನಿಮ್ಮ ತಂದೆಯವರೋ ತಾಯಿಯವರೋ ಐದಾರು ವರ್ಷಗಳ ಸಾಲದ ಪತ್ರಕ್ಕೆ ಸಹಿ ಹಾಕುವಾಗ ಈ ಭರವಸೆಯನ್ನೂ ಕೊಂಡುಕೊಳ್ಳುತ್ತಾರೆ. ಆ ಮಾತು ಕೊಟ್ಟವನು ಅಂಗಡಿ ಮುಚ್ಚಿಕೊಂಡು ಹೋದರೆ ಏನು ಗತಿ?

ಈ ಪ್ರಶ್ನೆಗೆ ಅತಿ ಹೆಚ್ಚು ಉದಾಹರಣೆಗಳು ಸಿಗುವುದು ಅಮೆರಿಕದಲ್ಲಿ. ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ಕಾರುಗಳು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತ ಹೋದವು. 1950ರ ದಶಕದಲ್ಲಿ ಜರ್ಮನಿಯ ಪುಟ್ಟ ಫೋಕ್ಸ್‌ವ್ಯಾಗನ್ ಬೀಟಲ್ ಅಲ್ಲಿ ಚೆನ್ನಾಗಿ ಮಾರಾಟವಾಗತೊಡಗಿದಾಗ ಡೆಟ್ರಾಯಿಟಿನ ದೊಡ್ಡ ಕಂಪನಿಗಳು ಎಚ್ಚೆತ್ತವು. ಹೊಸದಾಗಿ ಸಣ್ಣ ಕಾರು ಮಾಡುವುದಕ್ಕಿಂತ, ಯೂರೋಪಿನಲ್ಲಿದ್ದ ತಮ್ಮದೇ ಶಾಖೆಗಳಿಂದ ತರಿಸುವುದು ಸುಲಭವೆಂದು ಅವಕ್ಕೆ ತೋಚಿತು. ಜನರಲ್ ಮೋಟಾರ್ಸ್ ಸಂಸ್ಥೆಗೆ ಜರ್ಮನಿಯಲ್ಲಿ ಒಪೆಲ್ ಎಂಬ ಕಂಪನಿಯಿತ್ತು. ಅದರ ಕಾರುಗಳನ್ನು 1950ರ ದಶಕದ ಕೊನೆಯಿಂದ 1975ರವರೆಗೆ ಬ್ಯೂಕ್ ಡೀಲರುಗಳು ಮಾರಿದರು. ಬ್ಯೂಕ್ ಎಂದರೆ ಅನುಕೂಲಸ್ಥರ ದೊಡ್ಡ ಕಾರು. ಅಂಥ ಷೋರೂಮಿನ ಮೂಲೆಯಲ್ಲಿ ಪುಟ್ಟ ಒಪೆಲ್ ನಿಂತಿರುತ್ತಿತ್ತು. ರೇಷ್ಮೆ ಸೀರೆಯ ಅಂಗಡಿಯಲ್ಲಿ ಟವೆಲು ಕೇಳಿದಂತೆ. ಸಿಗುತ್ತದೆ, ಆದರೆ ತೋರಿಸುವವನಿಗೆ ಉತ್ಸಾಹವಿರುವುದಿಲ್ಲ. ದೊಡ್ಡ ಕಾರಿನಲ್ಲಿ ಸಿಗುವ ಲಾಭ ಸಣ್ಣ ಕಾರಿನಲ್ಲಿ ಡೀಲರನಿಗೆ ಸಿಗುವುದಿಲ್ಲವಲ್ಲ.

ಈ ವ್ಯಾಪಾರಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಮಾತ್ರ ಹಣದ ವಿನಿಮಯ ದರದಿಂದ. ವಾಣಿಜ್ಯ ಶಾಸ್ತ್ರ ಓದುವವರು ಈ ಲೆಕ್ಕ ಮಾಡಿ ನೋಡಬಹುದು. 1960ರ ದಶಕದಲ್ಲಿ ಒಂದು ಡಾಲರಿಗೆ ಸುಮಾರು 4 ಜರ್ಮನ್ ಮಾರ್ಕ್ ಸಿಗುತ್ತಿತ್ತು. 1975ರ ಹೊತ್ತಿಗೆ ಸಿಗುತ್ತಿದ್ದದ್ದು ಸುಮಾರು ಎರಡೂವರೆ. ಜರ್ಮನಿಯಲ್ಲಿ 10,000 ಮಾರ್ಕ್ ಬೆಲೆಯ ವಸ್ತು ಅಮೆರಿಕದವನಿಗೆ ಮೊದಲು 2,500 ಡಾಲರಿಗೆ ದಕ್ಕುತ್ತಿದ್ದರೆ, ನಂತರ ಅದೇ ವಸ್ತುವಿಗೆ 4,000 ಡಾಲರ್ ತೆರಬೇಕಾಯಿತು. ಕಾರಿನಲ್ಲಿ ಒಂದು ತಿರುಪು ಕೂಡ ಹೆಚ್ಚಾಗಿರಲಿಲ್ಲ! ಆಗ ಜನರಲ್ ಮೋಟಾರ್ಸ್ ಮಾಡಿದ ಉಪಾಯ ವಿಚಿತ್ರವಾಗಿದೆ. ಜಪಾನಿನ ಇಸುಜು ಕಂಪನಿಯ ಸಣ್ಣ ಕಾರನ್ನು ತರಿಸಿ, ಅದಕ್ಕೆ ಒಪೆಲ್ ಎಂಬ ಹೆಸರಂಟಿಸಿ, 1976ರಿಂದ 1979ರವರೆಗೆ ಅದೇ ಬ್ಯೂಕ್ ಡೀಲರುಗಳ ಮೂಲಕ ಮಾರಿತು. ಜರ್ಮನ್ ಹೆಸರು, ಜಪಾನಿ ಕಾರು, ಅಮೆರಿಕನ್ ಅಂಗಡಿ.

ಫೋರ್ಡ್ ಕಂಪನಿಯ ಕತೆಯೂ ಬೇರೆಯಲ್ಲ. ಜರ್ಮನಿಯಲ್ಲಿ ತಯಾರಾದ ಕ್ಯಾಪ್ರಿ ಕಾರನ್ನು 1970ರಿಂದ ಲಿಂಕನ್-ಮರ್ಕ್ಯುರಿ ಡೀಲರುಗಳು ಮಾರಿದರು. ಚೆನ್ನಾಗಿಯೇ ಮಾರಾಟವಾಯಿತು. ಮಾರ್ಕ್ ದುಬಾರಿಯಾದ ಮೇಲೆ ಆ ಆಮದು ನಿಂತು, 1979ರ ಮಾದರಿಯಿಂದ ಕ್ಯಾಪ್ರಿ ಎಂಬ ಹೆಸರು ಅಮೆರಿಕದ ಮಸ್ಟ್ಯಾಂಗ್ ಕಾರಿನ ಸೋದರನೊಬ್ಬನಿಗೆ ಹೋಯಿತು. 1985ರಲ್ಲಿ ಫೋರ್ಡ್ ಮತ್ತೊಮ್ಮೆ ಪ್ರಯತ್ನಿಸಿತು. ಯೂರೋಪಿನ ಸಿಯೆರಾ ಕಾರಿಗೆ ಮೆರ್ಕುರ್ ಎಂಬ ಹೊಚ್ಚಹೊಸ ಲಾಂಛನ ಕೊಟ್ಟು ತಂದಿತು. ಮರ್ಕ್ಯುರಿ ಪದಕ್ಕೆ ಜರ್ಮನ್ ಭಾಷೆಯ ರೂಪವೇ ಮೆರ್ಕುರ್. ಆ ಹೆಸರನ್ನು ಸರಿಯಾಗಿ ಉಚ್ಚರಿಸುವುದೇ ಗಿರಾಕಿಗಳಿಗೆ ಕಷ್ಟವಾಗಿತ್ತು. 1989ಕ್ಕೆ ಎಲ್ಲವೂ ಮುಗಿಯಿತು. ಹೀಗೆ ನಿಂತುಹೋದ ಹೆಸರಿನ ಕಾರುಗಳನ್ನು ಅಲ್ಲಿನವರು ‘ಅನಾಥ ಕಾರು’ ಎನ್ನುತ್ತಾರೆ.

ಸುಂಕದ ವಿಷಯ ಹೇಳದಿದ್ದರೆ ಈ ವಿವರಣೆ ಅಪೂರ್ಣ. ಇದರಲ್ಲೊಂದು ಕೋಳಿಯ ಕತೆಯಿದೆ. 1960ರ ದಶಕದ ಆರಂಭದಲ್ಲಿ ಯೂರೋಪಿನ ದೇಶಗಳು ಅಮೆರಿಕದ ಅಗ್ಗದ ಕೋಳಿಮಾಂಸದ ಮೇಲೆ ಸುಂಕ ಏರಿಸಿದವು. ಪ್ರತೀಕಾರವಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಸರ್ಕಾರ 1964ರಿಂದ ಆಲೂಗೆಡ್ಡೆ ಪಿಷ್ಟ, ಬ್ರಾಂದಿ ಮುಂತಾದವುಗಳ ಜೊತೆಗೆ ಹೊರದೇಶದ ಹಗುರ ಟ್ರಕ್ಕು ಮತ್ತು ಸರಕು ವ್ಯಾನುಗಳ ಮೇಲೂ ಶೇ. 25ರಷ್ಟು ಸುಂಕ ವಿಧಿಸಿತು. ಕೋಳಿಯ ಜಗಳ ಜನ ಮರೆತರು, ವ್ಯಾನಿನ ಸುಂಕ ಉಳಿಯಿತು. ಬೆನ್ಜ್ ಕಂಪನಿ ತನ್ನ ಸ್ಪ್ರಿಂಟರ್ ವ್ಯಾನನ್ನು ಅಮೆರಿಕಕ್ಕೆ ಕಳಿಸಬೇಕಾದಾಗ ಏನು ಮಾಡಿತು ಗೊತ್ತೇ? ಜರ್ಮನಿಯಲ್ಲಿ ಪೂರ್ತಿ ಕಟ್ಟಿದ ವ್ಯಾನನ್ನು ಮತ್ತೆ ಬಿಚ್ಚಿ, ಎಂಜಿನ್ ಮೊದಲಾದವನ್ನು ಬೇರೆಯಾಗಿ ಹಡಗಿಗೇರಿಸಿ, ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದಲ್ಲಿ ಪುನಃ ಜೋಡಿಸಿತು. ಬಿಡಿಬಿಡಿಯಾಗಿ ಬಂದದ್ದಕ್ಕೆ ಆ ಸುಂಕವಿಲ್ಲ! ಆ ದಿನಗಳಲ್ಲಿ ಬೆನ್ಜ್ ಮತ್ತು ಅಮೆರಿಕದ ಕ್ರೈಸ್ಲರ್ ಒಂದೇ ಸಂಸ್ಥೆಯಾಗಿದ್ದುದರಿಂದ, 2003ರಿಂದ ಕೆಲವು ವರ್ಷ ಇದು ಡಾಡ್ಜ್ ಎಂಬ ಲಾಂಛನ ಹೊತ್ತು ಡಾಡ್ಜ್ ಷೋರೂಮಿನಲ್ಲಿ ಮಾರಾಟವಾಯಿತು. ಫೋರ್ಡ್ ಇನ್ನೂ ಚುರುಕು. ಟರ್ಕಿಯಿಂದ ತರಿಸಿದ ವ್ಯಾನುಗಳಿಗೆ ಹಿಂದೆ ಆಸನಗಳನ್ನು ಜೋಡಿಸಿ ಪ್ರಯಾಣಿಕರ ವಾಹನವೆಂದು ಕಡಿಮೆ ಸುಂಕ ಕಟ್ಟಿ, ಬಂದರು ದಾಟಿದ ಮೇಲೆ ಆಸನಗಳನ್ನು ಕಿತ್ತುಹಾಕಿತು. ಈ ವ್ಯಾಜ್ಯ ಬಹುಕಾಲ ನಡೆದು, 2024ರಲ್ಲಿ 36.5 ಕೋಟಿ ಡಾಲರ್ ತೆರಲು ಫೋರ್ಡ್ ಒಪ್ಪಿಕೊಂಡ ಮೇಲೆ ಮುಗಿಯಿತು.

ಬಿಡಿಬಿಡಿಯಾಗಿ ತಂದು ಜೋಡಿಸುವ ಈ ಕ್ರಮ ನಮಗೆ ಹೊಸದಲ್ಲ. ನಮ್ಮ ದೇಶದಲ್ಲೂ ಇಡೀ ಕಾರಿಗೆ ವಿಧಿಸುವ ಆಮದು ಸುಂಕ ದೊಡ್ಡದು, ಬಿಡಿಭಾಗಗಳ ಪೆಟ್ಟಿಗೆಗೆ ಕಡಿಮೆ. ಇನ್ನು ಹೆಸರು ಬದಲಿಸಿ ಮಾರುವುದಂತೂ ನಮ್ಮ ಕಾರುಗಳ ಹುಟ್ಟುಗುಣವೇ. ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯಟ್ 1100. ಕಾಂಟೆಸ್ಸಾ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್. ಬಿ.ಟಿ.ಎಂ. ಬಡಾವಣೆಯಲ್ಲಿರುವವರಿಗೆ ಮೈಕೋ ಲೇಔಟ್ ಗೊತ್ತು. ಜರ್ಮನಿಯ ಬಾಷ್ ಕಂಪನಿಯ ತಂತ್ರಜ್ಞಾನದಿಂದ ಆಡುಗೋಡಿಯಲ್ಲಿ ತಯಾರಾದ ಸ್ಪಾರ್ಕ್ ಪ್ಲಗ್ಗುಗಳ ಮೇಲೆ ದಶಕಗಳ ಕಾಲ ಇದ್ದದ್ದು ಮೈಕೋ ಎಂಬ ಹೆಸರು. 2008ರಲ್ಲಿ ಕಂಪನಿಯ ಹೆಸರೇ ಬಾಷ್ ಎಂದಾಯಿತು. ಬಡಾವಣೆ ಮಾತ್ರ ಇಂದಿಗೂ ಮೈಕೋ.

ಇಡೀ ಕಾರನ್ನೇ ಬೆಂಗಳೂರಿನ ಹೆಸರಿನಲ್ಲಿ ಮಾರಿದವರೂ ಇದ್ದರು. ಸಿಪಾನಿ ಆಟೋಮೊಬೈಲ್ಸ್ ಎಂಬ ಬೆಂಗಳೂರಿನ ಕಂಪನಿ 1982ರಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ತಂದಿತು. ಅದು ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರು. ಅದರ ಮೈ ಉಕ್ಕಿನ ತಗಡಲ್ಲ, ಫೈಬರ್‌ಗ್ಲಾಸ್. ಮಳೆಗೆ ತುಕ್ಕು ಹಿಡಿಯುವುದಿಲ್ಲ, ತೂಕವೂ ಕಡಿಮೆ. ಹಗುರವಾಗಿದ್ದುದರಿಂದ ಕಾರು ಪಂದ್ಯಗಳಲ್ಲಿ ಡಾಲ್ಫಿನ್ ಹೆಸರು ಮಾಡಿತು. ಆದರೆ ಅದಕ್ಕಿದ್ದದ್ದು ಎರಡೇ ಬಾಗಿಲು. ಅಜ್ಜಿ ತಾತ ಮಕ್ಕಳೆಲ್ಲ ಹತ್ತಿ ಇಳಿಯಬೇಕಾದ ನಮ್ಮ ಸಂಸಾರಗಳಿಗೆ ಅದು ಒಗ್ಗಲಿಲ್ಲ. ಮೇಲಾಗಿ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮುಂದೆ ಸಿಪಾನಿ ಹೆಚ್ಚು ಬಾಗಿಲುಗಳ ಮೊಂಟಾನಾ ತಂದಿತು. 1990ರ ದಶಕದಲ್ಲಿ ಇಂಗ್ಲೆಂಡಿನ ರೋವರ್ ಮೊಂಟೆಗೋ ಕಾರಿನ ಬಿಡಿಭಾಗಗಳನ್ನು ತರಿಸಿ ಜೋಡಿಸಿತು. ಆ ಹೊತ್ತಿಗೆ ಇಂಗ್ಲೆಂಡಿನಲ್ಲೇ ಮೊಂಟೆಗೋ ತಯಾರಿಕೆ ಕೊನೆಗಂಡಿತ್ತು. 2005ರಲ್ಲಿ ರೋವರ್ ಕಂಪನಿಯೂ ಮುಳುಗಿತು. ನನ್ನ ಮಟ್ಟಿಗೆ ಡಾಲ್ಫಿನ್ ಧೈರ್ಯದ ಕೆಲಸ, ಮೊಂಟೆಗೋ ತಡವಾದ ಕೆಲಸ. ಎರಡರ ಮಾಲೀಕರಿಗೂ ಕೊನೆಯಲ್ಲಿ ಉಳಿದದ್ದು ಒಂದೇ ದಾರಿ: ಕೈಚಳಕವುಳ್ಳ ಮೆಕ್ಯಾನಿಕನ ಸ್ನೇಹ.

ಎಲ್ಲ ಅನಾಥ ಕಾರುಗಳ ಗತಿಯೂ ಒಂದೇ ಅಲ್ಲ, ಇದನ್ನು ಗಮನಿಸಬೇಕು. ಬೆಲ್ಜಿಯಂ ದೇಶದಲ್ಲಿ ತಯಾರಾದ ಒಪೆಲ್ ಆಸ್ಟ್ರಾ ಕಾರನ್ನು ಜನರಲ್ ಮೋಟಾರ್ಸ್ ಅಮೆರಿಕದಲ್ಲಿ 2008 ಮತ್ತು 2009ರ ಮಾದರಿಗಳಾಗಿ ಸ್ಯಾಟರ್ನ್ ಲಾಂಛನದಲ್ಲಿ ಮಾರಿತು. 2009ರಲ್ಲಿ ಕಂಪನಿ ದಿವಾಳಿಯ ನ್ಯಾಯಾಲಯಕ್ಕೆ ಹೋಗಿ, ಸ್ಯಾಟರ್ನ್ ಎಂಬ ಹೆಸರೇ ಅಳಿಯಿತು. ಆದರೆ ವಾರಂಟಿ ಅಳಿಯಲಿಲ್ಲ. ಅದೇ ಸಂಸ್ಥೆಯ ಬೇರೆ ಡೀಲರುಗಳು ಅದನ್ನು ನಡೆಸಿಕೊಟ್ಟರು. ನಮ್ಮಲ್ಲೂ ಜನರಲ್ ಮೋಟಾರ್ಸ್ 2006ರಲ್ಲಿ ಒಪೆಲ್ ಹೆಸರನ್ನು ಕೈಬಿಟ್ಟಿತು. 2017ರ ಕೊನೆಗೆ ಷೆವರ್ಲೆ ಮಾರಾಟವನ್ನೇ ನಿಲ್ಲಿಸಿತು. ಗುಜರಾತಿನ ಹಾಲೋಲ್‌ನಲ್ಲಿದ್ದ ಅದರ ಕಾರ್ಖಾನೆ ಚೀನಾದ ಸಂಸ್ಥೆಯ ಪಾಲಾಯಿತು. 2019ರಲ್ಲಿ ಅಲ್ಲಿಂದ ಹೊರಬಂದ ಎಂ.ಜಿ. ಹೆಕ್ಟರ್ ಕಾರಿಗೆ ಬ್ರಿಟಿಷ್ ಹೆಸರಿದೆ. ಕಾರು ಚೀನಾದ ಬಾವೋಜುನ್ 530.

ಮನೆಯಲ್ಲಿ ಕಾರು ಕೊಳ್ಳುವ ಮಾತು ಬಂದಾಗ ನೀವು ಕೇಳಬಹುದಾದ ಪ್ರಶ್ನೆಗಳು ಇದರಿಂದಲೇ ಹೊಳೆಯುತ್ತವೆ. ಈ ಕಾರಿಗೆ ಅವಳಿ ಉಂಟೇ? ಇದ್ದರೆ ಬಿಡಿಭಾಗ ಎರಡು ಕಡೆಯಿಂದ ಸಿಗುತ್ತದೆ, ಒಬ್ಬ ಹೊರಟುಹೋದರೂ ಇನ್ನೊಬ್ಬನಿರುತ್ತಾನೆ. ವಾರಂಟಿ ಕಾಗದದಲ್ಲಿ ಸಹಿ ಹಾಕಿರುವ ಕಂಪನಿ ಯಾವುದು? ಸರ್ವಿಸ್ ಸ್ಟೇಷನ್ ಜೆ.ಪಿ. ನಗರದ ಆಸುಪಾಸಿನಲ್ಲಿದೆಯೇ, ಊರಾಚೆಯೇ? ಹಳೆಯ ಕಾರಾದರೆ ಮೊದಲು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಒಂದು ಹೆಡ್‌ಲೈಟು, ಒಂದು ಕ್ಲಚ್ ಪ್ಲೇಟಿನ ಬೆಲೆ ವಿಚಾರಿಸಿ ಬನ್ನಿ. ಅಂಗಡಿಯವರ ಮುಖಭಾವವೇ ಅರ್ಧ ಉತ್ತರ.

ಕಾರಿನ ಮೂಲ ತಿಳಿಯಲು ಇನ್ನೊಂದು ಸಾಧನ ನಿಮ್ಮ ಮನೆಯಲ್ಲೇ ಇದೆ. ಆರ್.ಸಿ. ಕಾರ್ಡಿನಲ್ಲಿ ಷಾಸಿ ನಂಬರ್ ಎಂದು 17 ಅಕ್ಷರ–ಅಂಕಿಗಳ ಒಂದು ಸಾಲು ಇರುತ್ತದೆ. ಒಂದು, ಸೊನ್ನೆಗಳ ಜೊತೆ ಗೊಂದಲವಾಗದಿರಲೆಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಇದರಲ್ಲಿ ಬಳಸುವುದಿಲ್ಲ. ಮೊದಲ ಮೂರು ಸ್ಥಾನಗಳು ತಯಾರಕನ ಗುರುತು. ಜರ್ಮನಿಯ ಕಂಪನಿಗಳದು ಡಬ್ಲ್ಯೂ ಅಕ್ಷರದಿಂದ ಆರಂಭವಾಗುತ್ತದೆ, ಜಪಾನಿನದು ಜೆ, ಅಮೆರಿಕದ್ದು 1, 4 ಅಥವಾ 5. ಭಾರತದ ಕಾರುಗಳದು ಎಂ. ಎಂ.ಎ.3 ಎಂದಿದ್ದರೆ ಮಾರುತಿ, ಎಂ.ಬಿ.ಜೆ. ಎಂದಿದ್ದರೆ ಟೊಯೋಟಾ ಕಿರ್ಲೋಸ್ಕರ್. ನಿಮ್ಮ ಮನೆಯ ಕಾರಿನದು ಏನೆಂದು ಇಂದೇ ನೋಡಿ.